ನೋವಿನ ಗುಳಿಗೆ ಬಿಡಿಸುವ ಲೆಕ್ಕ: ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಿಗೆ

ಸಿಂಧನೂರಿನಲ್ಲಿ ಭತ್ತದ ಮೂಟೆ ಹೊತ್ತು ಸೊಂಟ ಹಿಡಿದವರು, ಸಂಡೂರಿನ ಅದಿರು ಲಾರಿಯಲ್ಲಿ ರಾತ್ರಿಯೆಲ್ಲ ಕೂತು ಬೆನ್ನು ಹೋದವರು, ಬಳ್ಳಾರಿಯ ಜೀನ್ಸ್ ಘಟಕದಲ್ಲಿ ದಿನವಿಡೀ ಮಷೀನಿಗೆ ಬಾಗಿ ಕುತ್ತಿಗೆ ಸೆಟೆದವರು, ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದವರು. ಗುಳಿಗೆಯ ಚಟ ಹೆಚ್ಚಾಗಿ ಇಂಥ ನಿಜವಾದ ನೋವಿನಿಂದಲೇ, ಡಾಕ್ಟರು ಬರೆದ ಚೀಟಿಯಿಂದಲೇ ಶುರುವಾಗುತ್ತದೆ. ಐದು ದಿನಕ್ಕೆಂದು ಬರೆದದ್ದು ಐದು ತಿಂಗಳು ನಡೆಯುತ್ತದೆ. ಒಂದರ ಜಾಗಕ್ಕೆ ನಾಲ್ಕು ಬರುತ್ತವೆ. ಮನೆಯವರು "ಕುಡಿಯಂಗಿಲ್ಲ, ಸೇದಂಗಿಲ್ಲ, ಬರೇ ಗುಳಿಗಿ ತಾನೆ" ಅಂದುಕೊಂಡು ಸುಮ್ಮನಿರುತ್ತಾರೆ.

ಗೊತ್ತಾದ ದಿನ ಸಿಟ್ಟಿನಲ್ಲಿ ಗುಳಿಗೆಯ ಪಟ್ಟಿಗಳನ್ನೆಲ್ಲ ಚರಂಡಿಗೆ ಎಸೆಯುವುದು ಎಲ್ಲ ಮನೆಯಲ್ಲೂ ಆಗುವ ಮೊದಲ ತಪ್ಪು. ಎಸೆಯಬೇಡಿ. ಆ ಪಟ್ಟಿಗಳೇ ನಿಮ್ಮ ಮೊದಲ ದಾಖಲೆ.

ಪಟ್ಟಿಯನ್ನು ಓದಿ

ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ನೋಡಿ, ಕಂಪನಿ ಇಟ್ಟ ಹೆಸರಲ್ಲ. ಟ್ರಮಡಾಲ್, ಟಪೆಂಟಡಾಲ್, ಕೋಡೀನ್, ಪೆಂಟಜೋಸಿನ್, ಬುಪ್ರೆನಾರ್ಫಿನ್, ಮಾರ್ಫಿನ್ ಇವು ಅಫೀಮಿನ ಜಾತಿಯ ಔಷಧಗಳು. ವೈದ್ಯರು ಓಪಿಯಾಯ್ಡ್ ಅನ್ನುತ್ತಾರೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಪ್ಯಾರಾಸಿಟಮಾಲ್ ಆ ಜಾತಿಯವಲ್ಲ. ಅತಿಯಾದರೆ ಮೊದಲೆರಡು ಹೊಟ್ಟೆ, ಮೂತ್ರಪಿಂಡವನ್ನೂ ಮೂರನೆಯದು ಲಿವರನ್ನೂ ಕೆಡಿಸುತ್ತವೆ. ಆದರೆ ಬಿಟ್ಟರೆ ಮೈ ರಂಪ ಮಾಡುವುದಿಲ್ಲ. ಆಲ್ಪ್ರಜೋಲಮ್, ಕ್ಲೋನಜೆಪಮ್‌ನಂಥ ನಿದ್ದೆಯ ಗುಳಿಗೆ ಜೊತೆಗಿದ್ದರೆ ಅದನ್ನು ಬೇರೆ ಬರೆದಿಡಿ. ಅವನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಓಪಿಯಾಯ್ಡ್ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು.

ಟ್ರಮಡಾಲ್ ಪಟ್ಟಿಯ ಮೇಲೆ ಕೆಂಪು ಅಕ್ಷರದಲ್ಲಿ 'ಎನ್‌ಆರ್‌ಎಕ್ಸ್' ಎಂದಿರುತ್ತದೆ. 2018ರ ಏಪ್ರಿಲ್‌ನಿಂದ ಅದು ಎನ್‌ಡಿಪಿಎಸ್ ಕಾಯ್ದೆಯ (ಮಾದಕ ವಸ್ತುಗಳ ಕಾನೂನು) ಕೆಳಗೆ ಬಂದಿದೆ. ಶೆಡ್ಯೂಲ್ ಎಚ್1ರಲ್ಲೂ ಇದೆ. ಅಂದರೆ ಮೆಡಿಕಲ್ ಅಂಗಡಿಯವರು ಚೀಟಿ ನೋಡಿ, ರೋಗಿಯ ಹೆಸರು, ಬರೆದ ವೈದ್ಯರ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. "ನಮ್ಮವರೇ ಅದಾರ, ಚೀಟಿ ಇಲ್ಲದಿದ್ರೂ ಕೊಡ್ತಾರ" ಎನ್ನುವ ಅಂಗಡಿ ನಿಮಗೆ ಉಪಕಾರ ಮಾಡುತ್ತಿಲ್ಲ.

ಇನ್ನು ಲೆಕ್ಕ. ಬಹಳ ಮಂದಿ ನುಂಗುವುದು ಬರೀ ಟ್ರಮಡಾಲ್ ಅಲ್ಲ, 37.5 ಮಿ.ಗ್ರಾಂ ಟ್ರಮಡಾಲ್ ಜೊತೆ 325 ಮಿ.ಗ್ರಾಂ ಪ್ಯಾರಾಸಿಟಮಾಲ್ ಸೇರಿದ ಗುಳಿಗೆ. ದಿನಕ್ಕೆ 20 ನುಂಗಿದರೆ ಟ್ರಮಡಾಲ್ 750 ಮಿ.ಗ್ರಾಂ, ಪ್ಯಾರಾಸಿಟಮಾಲ್ 6,500 ಮಿ.ಗ್ರಾಂ. ಟ್ರಮಡಾಲ್‌ನ ದಿನದ ಮಿತಿ 400. ಅದನ್ನು ದಾಟಿದಷ್ಟೂ ಫಿಟ್ಸ್‌ನ ಅಪಾಯ ಏರುತ್ತದೆ. ಪ್ಯಾರಾಸಿಟಮಾಲ್‌ನ ಮಿತಿ 4,000, ಕುಡಿಯುವವರಿಗೆ ಇನ್ನೂ ಕಡಿಮೆ. ಇಲ್ಲಿ ಚಟಕ್ಕಿಂತ ಮೊದಲು ಲಿವರ್ ಕೈಕೊಡುತ್ತದೆ. ಇಷ್ಟು ನುಂಗುವವರನ್ನು ಮುಂದಿನ ವಾರಕ್ಕೆ ಕಾಯಿಸಬೇಡಿ. ಅದೇ ದಿನ ದವಾಖಾನೆಗೆ ಕರೆದೊಯ್ದು ಲಿವರ್ ರಕ್ತಪರೀಕ್ಷೆ ಮಾಡಿಸಿ.

ಕೋಡೀನ್ ಕೆಮ್ಮಿನ ಸಿರಪ್ಪಿನಲ್ಲಿ ಸಾಮಾನ್ಯವಾಗಿ 5 ಮಿ.ಲೀಗೆ 10 ಮಿ.ಗ್ರಾಂ ಕೋಡೀನ್ ಇರುತ್ತದೆ. ನೂರರ ಬಾಟಲಿ ಖಾಲಿಯಾದರೆ 200 ಮಿ.ಗ್ರಾಂ ಒಳಗೆ ಹೋಯಿತು, ಜೊತೆಗೆ ಮಂಪರು ತರಿಸುವ ಕ್ಲೋರ್‌ಫೆನಿರಮಿನ್ ಕೂಡ.

ಪೆಂಟಜೋಸಿನ್ ಇಂಜೆಕ್ಷನ್ನಿನದು ಬೇರೆಯೇ ಕಥೆ. ತೊಡೆ, ತೋಳಿನ ಮೇಲ್ಭಾಗ ಒತ್ತಿ ನೋಡಿ: ಚರ್ಮ ಹಲಗೆಯಂತೆ ಗಟ್ಟಿಯಾಗಿ ಕೆಳಗಿನ ಮಾಂಸಕ್ಕೆ ಅಂಟಿಕೊಂಡಿರುತ್ತದೆ, ಚಿವುಟಿದರೆ ಮಡಿಕೆ ಏಳುವುದಿಲ್ಲ. ನಡುನಡುವೆ ಕಪ್ಪು ಅಂಚಿನ, ಮಾಯದ ಹುಣ್ಣು. ಇಂಥವರಿಗೆ ಸರ್ಜನ್ ಕೂಡ ಬೇಕು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯೂ ಬೇಕು.

ರೂಢಿ ಬೇರೆ, ಚಟ ಬೇರೆ

ಕ್ಯಾನ್ಸರ್ ನೋವಿಗೆ ವೈದ್ಯರು ಹೇಳಿದಂತೆ ಮಾರ್ಫಿನ್ ತಗೊಳ್ಳುವ ಅಜ್ಜಿಗೂ ಗುಳಿಗೆ ತಪ್ಪಿದರೆ ಮೈ ನಡುಗುತ್ತದೆ. ಅದು ದೇಹದ ರೂಢಿ, ಚಟ ಅಲ್ಲ. ಆಕೆಯ ಮಾರ್ಫಿನ್ ಕಿತ್ತುಕೊಳ್ಳುವುದು ಕ್ರೌರ್ಯ. ಚಟ ಅನ್ನುವುದು ನೋವಿಲ್ಲದ ದಿನವೂ ನುಂಗುವಾಗ, ಹೇಳಿದ್ದಕ್ಕಿಂತ ಹೆಚ್ಚು ನುಂಗುವಾಗ, ಎರಡು ಮೂರು ಅಂಗಡಿ ಅಲೆಯುವಾಗ, ಸುಳ್ಳು ಹೇಳುವಾಗ, ಕೆಲಸ ಸಂಸಾರ ಕೆಡುತ್ತಿದ್ದರೂ ಬಿಡಲಾಗದಾಗ. ಎರಡಕ್ಕೂ ಒಂದು ಮಾತು ಸಮ: ಒಮ್ಮೆಲೇ ನಿಲ್ಲಿಸಬಾರದು.

ಇನ್ನೊಂದು ಸಂಗತಿ ಬಹಳ ಮಂದಿಗೆ ತಿಳಿದಿರುವುದಿಲ್ಲ. ವರ್ಷಗಟ್ಟಲೆ ಈ ಗುಳಿಗೆ ನುಂಗಿದರೆ ನರಗಳೇ ಸೂಕ್ಷ್ಮವಾಗಿ, ಮೊದಲು ಸೊಂಟಕ್ಕಷ್ಟೇ ಇದ್ದ ನೋವು ಮೈತುಂಬ ಹರಡಬಹುದು. ಗುಳಿಗೆ ಹೆಚ್ಚಿದಷ್ಟೂ ನೋವೂ ಹೆಚ್ಚುತ್ತದೆ. "ಬಿಟ್ಟರೆ ನೋವು ತಡೆಯಕ್ಕಾಗಂಗಿಲ್ಲ" ಎನ್ನುವವರಲ್ಲಿ ಎಷ್ಟೋ ಮಂದಿಗೆ, ಇಳಿಸಿದ ಮೊದಲ ಎರಡು ವಾರ ಏರಿದ ನೋವು ಆಮೇಲೆ ಮೊದಲಿಗಿಂತ ಕೆಳಗೆ ಇಳಿಯುತ್ತದೆ.

ದವಾಖಾನೆಗೆ ಹೋಗುವ ಮುಂಚೆ

ಮೂರು ದಿನದ ಲೆಕ್ಕ ಬರೆಯಿರಿ: ಯಾವ ಗುಳಿಗೆ, ಎಷ್ಟು ಮಿ.ಗ್ರಾಂ, ಯಾವ ಹೊತ್ತಿಗೆ, ಎಷ್ಟು. ಕೇಳುವ ರೀತಿ ಮುಖ್ಯ. "ತಮ್ಮಾ, ದಿನಕ್ಕ ಎಷ್ಟು ಗುಳಿಗಿ ಆಗ್ತಾವ? ಬೈಯಂಗಿಲ್ಲ, ಡಾಕ್ಟರಿಗೆ ಲೆಕ್ಕ ಬೇಕು" ಎಂದು ಕೇಳಿ. ಮೊದಲ ಉತ್ತರ ಬಹುಮಟ್ಟಿಗೆ ಕಡಿಮೆಯೇ ಇರುತ್ತದೆ. ಖಾಲಿ ಪಟ್ಟಿಗಳನ್ನು ಎಣಿಸಿದರೆ ನಿಜ ಗೊತ್ತಾಗುತ್ತದೆ: ಬೈಕಿನ ಸೀಟಿನ ಕೆಳಗೆ, ಲಾರಿಯ ಡ್ಯಾಶ್‌ಬೋರ್ಡಿನಲ್ಲಿ, ಬಚ್ಚಲ ಕಿಟಕಿಯಲ್ಲಿ. ಈ ಲೆಕ್ಕ ತಪ್ಪಿದರೆ ವೈದ್ಯರು ಕೊಡುವ ಪ್ರಮಾಣವೂ ತಪ್ಪುತ್ತದೆ. ಆಗ ರೋಗಿ ಎರಡನೇ ದಿನಕ್ಕೇ ಓಡಿಹೋಗುತ್ತಾನೆ.

ಅದೇ ಹಾಳೆಯಲ್ಲಿ ಇವನ್ನೂ ಬರೆಯಿರಿ: ಫಿಟ್ಸ್ ಬಂದಿತ್ತೇ, ಕುಡಿತ ಎಷ್ಟು, ನಿದ್ದೆಯ ಗುಳಿಗೆ, ಖಿನ್ನತೆಯ ಗುಳಿಗೆ (ಟ್ರಮಡಾಲ್ ಜೊತೆ ಇದು ಸೇರಿದರೆ ಜ್ವರ, ನಡುಕ, ಗಾಬರಿ ಬರುವ ಅಪಾಯವಿದೆ), ಕಾಮಾಲೆ, ಬಿ.ಪಿ. ಹೆಣ್ಣುಮಕ್ಕಳಾದರೆ ಮುಟ್ಟು ತಪ್ಪಿದೆಯೇ ಎನ್ನುವುದೂ ಬೇಕು. ಬಸುರಿಯಲ್ಲಿ ಗುಳಿಗೆ ಒಮ್ಮೆಲೇ ನಿಲ್ಲಿಸಿದರೆ ಮಗುವಿಗೇ ಅಪಾಯ. ಆಕೆಯ ಚಿಕಿತ್ಸೆ ಮನೋವೈದ್ಯರು, ಹೆರಿಗೆ ವೈದ್ಯರು ಇಬ್ಬರೂ ಕೂಡಿ ಮಾಡಬೇಕಾದದ್ದು.

ಎಲ್ಲಿಗೆ ಹೋಗುವುದು

ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ಮೂರರಲ್ಲೂ ಮನೋವೈದ್ಯಕೀಯ ವಿಭಾಗದ ಒ.ಪಿ.ಡಿ ಚೀಟಿ ಮಾಡಿಸಿ. ಮೂಳೆ ವಿಭಾಗಕ್ಕೆ ಹೋದರೆ ಇನ್ನೊಂದು ನೋವಿನ ಗುಳಿಗೆ ಸಿಗುತ್ತದೆ, ಅಷ್ಟೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ಬರುತ್ತಾರೆ. ತಿಂಗಳ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲೆಯ ಹಳ್ಳಿಗಳಿಗೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ 1985ರಿಂದ 1990ರವರೆಗೆ ನಡೆಸಿದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ನಾಚಿಕೆ ಪಡುವವರಿಗೆ ಇದನ್ನು ಹೇಳಬಹುದು. ಇಷ್ಟರಲ್ಲಿ ಆಗದಿದ್ದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ.

ಹೊರಡುವ ಮುಂಚೆ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿ: "ಬುಪ್ರೆನಾರ್ಫಿನ್ ನಾಲಿಗೆ ಕೆಳಗಿನ ಗುಳಿಗೆ ನಿಮ್ಮಲ್ಲಿ ಕೊಡುತ್ತೀರಾ?" ಚಟ ಬಿಡಿಸಲು ಕೊಡುವ ಈ ಗುಳಿಗೆ ಮೆಡಿಕಲ್ ಅಂಗಡಿಯಲ್ಲಿ ಮಾರುವಂಥದ್ದಲ್ಲ, ವ್ಯಸನ ಚಿಕಿತ್ಸಾ ಕೇಂದ್ರಗಳ ಮೂಲಕವೇ ಸಿಗಬೇಕು. ರಾತ್ರಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ಪೊಲೀಸ್ ಭಯ ಬಹಳ ಮಂದಿಯನ್ನು ತಡೆಯುತ್ತದೆ. ಸ್ವತಃ ಬಳಸುವುದಕ್ಕಾಗಿ ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡದ್ದಕ್ಕಾಗಿ ಕೇಸಾದ ವ್ಯಸನಿ ತಾನೇ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ನಡುವೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ಖಾಸಗಿ ವ್ಯಸನಮುಕ್ತಿ ಕೇಂದ್ರವಾದರೆ ಬಾಗಿಲಲ್ಲೇ ನಿಂತು ನಾಲ್ಕು ಸಂಗತಿ ವಿಚಾರಿಸಿ: ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ, ಮನೋವೈದ್ಯರು ಬರುವ ದಿನ, ಓಪಿಯಾಯ್ಡ್‌ಗೆ ಕೊಡುವ ಔಷಧ, ಮನೆಯವರು ಫೋನ್ ಮಾಡಬಹುದೇ. "ನಾವು ಔಷಧ ಕೊಡಂಗಿಲ್ಲ, ಮೂರು ತಿಂಗಳು ಒಳಗ ಇಟ್ಟು ಬಿಡಿಸ್ತೀವಿ" ಎಂದರೆ ವಾಪಸ್ ಬನ್ನಿ. ಸರಪಳಿ ಹಾಕುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ನಿಷಿದ್ಧ. ಅದು ದೇವಸ್ಥಾನ, ದರ್ಗಾದ ಅಂಗಳಕ್ಕೂ ಅನ್ವಯಿಸುತ್ತದೆ.

ಮೊದಲ ದಾರಿ: ಮೆಲ್ಲಗೆ ಇಳಿಸುವುದು

ದಿನಕ್ಕೆ 400 ಮಿ.ಗ್ರಾಂ ಟ್ರಮಡಾಲ್ ಒಳಗೆ ಇರುವವರಿಗೆ, ಫಿಟ್ಸ್ ಬರದವರಿಗೆ, ಚುಚ್ಚಿಕೊಳ್ಳದವರಿಗೆ, ಮನೆಯಲ್ಲಿ ಗುಳಿಗೆ ಕೈಯಲ್ಲಿಟ್ಟುಕೊಂಡು ಕೊಡುವ ಒಬ್ಬರು ಇರುವವರಿಗೆ ಇದು ಹೊಂದುತ್ತದೆ. ಲೆಕ್ಕವನ್ನು ವೈದ್ಯರೇ ಬರೆದುಕೊಡಬೇಕು. ಅದರ ಅಂದಾಜು ಹೀಗಿರುತ್ತದೆ: 50 ಮಿ.ಗ್ರಾಂನ ಎಂಟು ಕ್ಯಾಪ್ಸೂಲ್ ನುಂಗುವವರು ಮೊದಲು ನಾಲ್ಕು ಹೊತ್ತಿಗೆ ಎರಡೆರಡರಂತೆ ಹಂಚಿಕೊಳ್ಳುತ್ತಾರೆ. ಆಮೇಲೆ ಒಂದರಿಂದ ಎರಡು ವಾರಕ್ಕೊಂದರಂತೆ ಕಳೆಯುತ್ತಾರೆ. ಮೊದಲು ಮಧ್ಯಾಹ್ನದ್ದು, ಕೊನೆಗೆ ರಾತ್ರಿಯದು.

ಎಂಟರಿಂದ ನಾಲ್ಕಕ್ಕೆ ಬರುವುದು ಸಲೀಸು. ಕೆಡುವುದು ಎರಡರ ಹತ್ತಿರ. ಎಂಟರಲ್ಲಿ ಒಂದು ತೆಗೆದರೆ ಎಂಟನೇ ಒಂದು ಪಾಲು ಹೋಯಿತು. ಎರಡರಲ್ಲಿ ಒಂದು ತೆಗೆದರೆ ಅರ್ಧವೇ ಹೋಯಿತು. ಹಾಗಾಗಿ ಕೊನೆಯ ಎರಡು ಹಂತಕ್ಕೆ ಮೂರು ನಾಲ್ಕು ವಾರ ಕೊಡಬೇಕು. ನಡುವೆ ಒಂದು ದಿನ ಜಾರಿ ಹೆಚ್ಚು ನುಂಗಿದರೆ ಮತ್ತೆ ಎಂಟಕ್ಕೆ ಹತ್ತಿಸಬೇಡಿ. ಇದ್ದ ಮೆಟ್ಟಿಲಲ್ಲೇ ಇನ್ನೊಂದು ವಾರ ನಿಲ್ಲಿ. 'ಎಸ್‌ಆರ್' ಎಂದು ಬರೆದ ಗುಳಿಗೆಯನ್ನು ಮುರಿಯಬೇಡಿ, ಅರೆಯಬೇಡಿ. ಇಡೀ ದಿನಕ್ಕೆಂದು ಇಟ್ಟದ್ದು ಒಮ್ಮೆಲೇ ರಕ್ತಕ್ಕೆ ಬರುತ್ತದೆ.

ಎರಡನೇ ದಾರಿ: ಬುಪ್ರೆನಾರ್ಫಿನ್

ಹೆಚ್ಚು ಪ್ರಮಾಣದವರಿಗೆ, ಚುಚ್ಚಿಕೊಳ್ಳುವವರಿಗೆ, ಇಳಿಸಲು ಹೋಗಿ ಎರಡು ಮೂರು ಸಲ ಸೋತವರಿಗೆ ಇದೇ ದಾರಿ. "ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದಂಗ" ಎಂಬ ಮಾತು ಕಟ್ಟೆಯ ಮೇಲೂ ಕೇಳುತ್ತದೆ, ಕೆಲವು ದವಾಖಾನೆಗಳಲ್ಲೂ ಕೇಳುತ್ತದೆ. ಕೆಲಸ ಹೇಗೆಂದು ನೋಡಿ. ಮೆದುಳಿನಲ್ಲಿ ಟ್ರಮಡಾಲ್ ಕೂರುವ ಅದೇ ಗೂಡಿನಲ್ಲಿ ಬುಪ್ರೆನಾರ್ಫಿನ್ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಆದರೆ ಅರ್ಧ ಕೆಲಸ ಮಾಡಿ ನಿಲ್ಲುತ್ತದೆ. ತಲುಬು (ಗುಳಿಗೆ ಬೇಕೇ ಬೇಕೆಂಬ ಎಳೆತ) ಹೋಗುತ್ತದೆ, ನಶೆ ಏರುವುದಿಲ್ಲ. ಇಡೀ ದಿನ ಸಮವಾಗಿರುತ್ತದೆ. ಮನುಷ್ಯ ಕೆಲಸಕ್ಕೆ ಹೋಗುತ್ತಾನೆ, ಸುಳ್ಳು ಹೇಳುವ ಅಗತ್ಯ ಬೀಳುವುದಿಲ್ಲ.

ಗಟ್ಟಿಯಾಗಿ ಕೂರುವ ಆ ಗುಣದಿಂದಲೇ ಮೊದಲ ದಿನದ ದೊಡ್ಡ ಎಡವಟ್ಟೂ ಆಗುವುದು. ಹಳೆಯ ಗುಳಿಗೆ ಇನ್ನೂ ಗೂಡಿನಲ್ಲಿರುವಾಗ ಇದನ್ನು ಕೊಟ್ಟರೆ, ಅದನ್ನು ತಳ್ಳಿ ತಾನು ಕೂರುತ್ತದೆ. ಅರ್ಧ ತಾಸು, ಒಂದು ತಾಸಿನಲ್ಲಿ ವಾಂತಿ, ಭೇದಿ, ಬೆವರು, ಒದ್ದಾಟ. "ಈ ಗುಳಿಗಿ ನನಗ ಒಗ್ಗಂಗಿಲ್ಲ" ಎಂದು ರೋಗಿ ಎದ್ದು ಹೋಗುತ್ತಾನೆ. ಅದಕ್ಕೇ ಕೊನೆಯ ಟ್ರಮಡಾಲ್ ನುಂಗಿ ಕನಿಷ್ಠ 12 ತಾಸು, ಎಸ್‌ಆರ್ ಆದರೆ 24 ತಾಸು ಕಳೆದಿರಬೇಕು. ಜೊತೆಗೆ ಮೈಯೇ ಸಾಕ್ಷಿ ಹೇಳಬೇಕು: ಮೇಲಿಂದ ಮೇಲೆ ಆಕಳಿಕೆ, ಮೂಗು ಕಣ್ಣಲ್ಲಿ ನೀರು, ಮುಂಗೈಯಲ್ಲಿ ಮುಳ್ಳು ಎದ್ದ ರೋಮ, ಅಗಲವಾದ ಕಣ್ಣ ಪಾಪೆ, ಕೂತಲ್ಲಿ ಕೂರಲಾಗದ ಕಾಲು. ವೈದ್ಯರು ಇವನ್ನೆಲ್ಲ 11 ಅಂಶಗಳ ಅಳತೆಯಲ್ಲಿ ಅಂಕ ಹಾಕಿ ನೋಡುತ್ತಾರೆ. "ಬರುವಾಗ ಬಸ್ಸಿನಲ್ಲಿ ಎರಡು ನುಂಗಿದೆ" ಎಂಬ ಸತ್ಯವನ್ನು ಮುಚ್ಚಿಟ್ಟರೆ ಈ ಲೆಕ್ಕವೆಲ್ಲ ಹಾಳು.

ಮೊದಲ ಡೋಸ್ ಸಾಮಾನ್ಯವಾಗಿ 2 ಮಿ.ಗ್ರಾಂ, ಕೆಲವರಿಗೆ 4. ಒಂದೆರಡು ತಾಸು ನೋಡಿ ಮತ್ತೆ ಕೊಡುತ್ತಾರೆ. ಮುಂದಿನ ದಿನಗಳಲ್ಲಿ ತಲುಬು ನಿಲ್ಲುವ ಪ್ರಮಾಣಕ್ಕೆ ಬರುತ್ತಾರೆ.

ಗುಳಿಗೆ ಇಡುವುದರಲ್ಲೇ ಅರ್ಧ ಚಿಕಿತ್ಸೆ ಇದೆ, ನುಂಗಿದರೆ ಅದು ಕೆಲಸಕ್ಕೆ ಬಾರದು. ಗುಟ್ಕಾ, ಎಲೆ ಅಡಿಕೆ ಉಗುಳಿ ಬಾಯಿ ತೊಳೆದು, ಒಂದು ಗುಟುಕು ನೀರು ಕುಡಿದು ಬಾಯಿ ಒದ್ದೆ ಮಾಡಿಕೊಳ್ಳಬೇಕು. ನಾಲಿಗೆ ಎತ್ತಿ ಬುಡದಲ್ಲಿಟ್ಟು ಪೂರ್ತಿ ಕರಗುವವರೆಗೆ, ಐದರಿಂದ ಹತ್ತು ನಿಮಿಷ, ಚಹಾ ಬೇಡ, ಮಾತು ಬೇಡ, ಉಗುಳು ನುಂಗುವುದೂ ಬೇಡ. ಕರಗಿದ ಮೇಲೆ ನೀರು ಮುಕ್ಕಳಿಸಿ ನುಂಗಿ. ಹಲ್ಲುಜ್ಜುವುದು ಒಂದು ತಾಸಿನ ನಂತರ. ಇಲ್ಲದಿದ್ದರೆ ತಿಂಗಳುಗಟ್ಟಲೆ ಬಳಕೆಯಲ್ಲಿ ಹಲ್ಲು ಹುಳುಕಾಗುತ್ತದೆ.

ಮಲಬದ್ಧತೆ ಆಗಿಯೇ ಆಗುತ್ತದೆ. ಜೋಳದ ರೊಟ್ಟಿ, ಸೊಪ್ಪು, ಕಾಳು, ನೀರು ಹೆಚ್ಚಿಸಿ. ಕುಡಿತ, ನಿದ್ದೆಯ ಗುಳಿಗೆ ಇದರ ಜೊತೆ ಸೇರಿದರೆ ಸಾವು ಬರಬಹುದು. ಮನೆಗೆ ಕೊಟ್ಟ ಗುಳಿಗೆ ಕೀಲಿ ಹಾಕಿದ ಪೆಟ್ಟಿಗೆಯಲ್ಲಿರಲಿ. ಮಗುವಿನ ಬಾಯಿಗೆ ಒಂದು ಬಿದ್ದರೂ ಉಸಿರು ನಿಲ್ಲಬಹುದು. ಡೋಸ್ ಕೂಡುವವರೆಗೆ ಲಾರಿ, ಟ್ರ್ಯಾಕ್ಟರ್ ಬೇಡ. ಫಿಟ್ಸ್ ಬಂದವರಿಗೆ ವೈದ್ಯರು ಹೂಂ ಅನ್ನುವವರೆಗೆ ವಾಹನದ ಜೊತೆ ಕಾಲುವೆ, ಬಾವಿಯ ಈಜೂ ಬೇಡ.

ರಂಪದ ಹತ್ತು ದಿನ

ಗುಳಿಗೆ ನಿಲ್ಲಿಸಿದ ಅರ್ಧ ದಿನ, ಒಂದು ದಿನದೊಳಗೆ ವಾಂತಿ, ಭೇದಿ, ಬೆವರು, ಒದ್ದಾಟ ಶುರು, ಎರಡು ಮೂರನೇ ದಿನ ಜೋರು, ವಾರ ಹತ್ತು ದಿನಕ್ಕೆ ಇಳಿತ. ನಿದ್ದೆ ಮಾತ್ರ ವಾರಗಟ್ಟಲೆ ಸತಾಯಿಸುತ್ತದೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ ಭೇದಿ, ಬೆವರು ಎರಡೂ ಸೇರಿ ಮೈ ಒಣಗುವುದೇ ದೊಡ್ಡ ಅಪಾಯ. ಒಆರ್‌ಎಸ್‌ನ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ಪ್ರತಿ ಭೇದಿಯ ನಂತರ ದೊಡ್ಡ ಲೋಟ. ನಡುವೆ ನುಚ್ಚಿನ ಗಂಜಿ, ಉಪ್ಪು ಹಾಕಿದ ಮಜ್ಜಿಗೆ. ಈ ರಂಪ ತಗ್ಗಿಸಲು ವೈದ್ಯರು ಕ್ಲೋನಿಡಿನ್ ಬರೆದಿದ್ದರೆ ಪ್ರತಿ ಡೋಸಿಗೂ ಮುಂಚೆ ಬಿ.ಪಿ ನೋಡಬೇಕು; 90/60ಕ್ಕಿಂತ ಕೆಳಗಿದ್ದರೆ ಆ ಡೋಸ್ ಬಿಟ್ಟು ವೈದ್ಯರಿಗೆ ತಿಳಿಸಿ. ಮೈ ಒಣಗಿದವರು ಇದನ್ನು ನುಂಗಿ ಗಕ್ಕನೆ ಎದ್ದರೆ ಬಚ್ಚಲಲ್ಲೇ ಬೀಳುತ್ತಾರೆ.

ಟ್ರಮಡಾಲ್‌ಗೆ ಒಂದು ವಿಚಿತ್ರ ಗುಣವಿದೆ. ಕೆಲವರಿಗೆ ಬಿಟ್ಟಾಗ ವಿಪರೀತ ಭಯ, ಇಲ್ಲದ ಮಾತು ಕೇಳುವುದು, ಕೈಕಾಲಲ್ಲಿ ಜುಮುಜುಮು. ಮನೆಯವರು "ಗಾಳಿ ಸೋಕೇತಿ" ಎಂದು ತಾಯತಕ್ಕೆ ಹೊರಡುತ್ತಾರೆ. ಅದು ಗುಳಿಗೆಯದೇ ಕೆಲಸ, ವೈದ್ಯರಿಗೆ ತಿಳಿಸಿದರೆ ಔಷಧ ಇದೆ.

ಫಿಟ್ಸ್ ಬಂದರೆ ಕೈಗೆ ಕೀಲಿ, ಮೂಗಿಗೆ ಈರುಳ್ಳಿ ಬೇಡ. ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ಹಾಕದೆ, ಗಡಿಯಾರ ನೋಡುತ್ತ 108ಕ್ಕೆ ಫೋನ್ ಮಾಡಿ.

ಬಿಟ್ಟ ಮೇಲಿನ ತಿಂಗಳುಗಳು

ಹತ್ತು ದಿನ ಆಸ್ಪತ್ರೆಯಲ್ಲಿದ್ದು "ಕ್ಲೀನ್" ಆಗಿ ಬಂದವನ ಮೈ ಮೊದಲಿನ ಪ್ರಮಾಣ ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಆದರೆ ಮನಸ್ಸಿನಲ್ಲಿ ಹಳೆಯ ಲೆಕ್ಕವೇ ಇರುತ್ತದೆ. ಜಾತ್ರೆಯಲ್ಲೋ ಸುಗ್ಗಿಯ ಕೈತುಂಬ ಹಣದಲ್ಲೋ ಹಳೆಯ ಗೆಳೆಯ ಸಿಕ್ಕು, ಮುಂಚಿನಷ್ಟೇ ಒಮ್ಮೆಲೇ ನುಂಗಿದರೆ ಉಸಿರು ನಿಲ್ಲುತ್ತದೆ. ಬರೀ ಬಿಡಿಸಿ ಮನೆಗೆ ಕಳಿಸುವ ಚಿಕಿತ್ಸೆ ಅಪಾಯಕಾರಿ ಎನ್ನುವುದು ಇದಕ್ಕೇ. ಬುಪ್ರೆನಾರ್ಫಿನ್ ಮೇಲೆ ಇರುವವರು ತಿಂಗಳುಗಟ್ಟಲೆ, ಬಹಳ ಮಂದಿ ವರ್ಷ ಮೀರಿ ಇರಬೇಕಾಗುತ್ತದೆ. "ಇನ್ನ ಎಷ್ಟು ದಿನ?" ಎಂದು ಮನೆಯವರು ದಿನಾ ಕೇಳಿದರೆ ಅವನು ಬೇಗ ಬಿಟ್ಟು ಬೇಗ ಬೀಳುತ್ತಾನೆ.

ನಾಲ್‌ಟ್ರೆಕ್ಸೋನ್ 50 ಮಿ.ಗ್ರಾಂ ಇನ್ನೊಂದು ಆಯ್ಕೆ. ಗೂಡಿಗೆ ಬೀಗ ಹಾಕುವ ಔಷಧ ಅದು, ನಶೆ ಏರುವುದೇ ಇಲ್ಲ. ಮೈಯಲ್ಲಿ ಓಪಿಯಾಯ್ಡ್ ಇಲ್ಲದೆ ಏಳರಿಂದ ಹತ್ತು ದಿನ ಕಳೆದಿರಬೇಕು, ಲಿವರ್ ಪರೀಕ್ಷೆ ಆಗಿರಬೇಕು, ಯಾರಾದರೂ ಎದುರಿಗೆ ನಿಂತು ನುಂಗಿಸಬೇಕು. ಈ ಎರಡರಲ್ಲಿ ಯಾವುದನ್ನೇ ತಗೊಳ್ಳುತ್ತಿದ್ದರೂ ಅದರ ಹೆಸರು ಬರೆದ ಒಂದು ಚೀಟಿ ಜೇಬಿನಲ್ಲಿರಲಿ. ಅಪಘಾತ, ಆಪರೇಷನ್ ಆದಾಗ ಅರಿವಳಿಕೆ ವೈದ್ಯರಿಗೆ ಮೊದಲು ಬೇಕಾಗುವುದು ಅದೇ.

ಮೂಲ ನೋವನ್ನು ಮರೆಯಬೇಡಿ. ಫಿಸಿಯೋಥೆರಪಿ, ಮೂಟೆಯ ಕೆಲಸದಲ್ಲಿ ಬದಲಾವಣೆ, ನರದ ನೋವಿಗೆ ಬೇರೆ ಜಾತಿಯ ಔಷಧ: ಇವಿಲ್ಲದೆ ಗುಳಿಗೆ ಮಾತ್ರ ಕಿತ್ತುಕೊಂಡರೆ ಅವನು ಮತ್ತೆ ಅದೇ ಮೆಡಿಕಲ್ ಅಂಗಡಿಯ ಮುಂದೆ ನಿಲ್ಲುತ್ತಾನೆ.

ಗುಳಿಗೆ ಹೆಚ್ಚಾಗಿ ಉಸಿರು ಕಟ್ಟಿದರೆ

ಸೂಜಿಮೊನೆಯಷ್ಟು ಸಣ್ಣ ಕಣ್ಣ ಪಾಪೆ, ನೀಲಿಗಟ್ಟಿದ ತುಟಿ, ಗೊರಕೆಯಂಥ ಗುರುಗುರು ಸದ್ದು, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು. ಎದೆಮೂಳೆಯನ್ನು ಗೆಣ್ಣಿನಿಂದ ಜೋರಾಗಿ ಉಜ್ಜಿ. ಏಳದಿದ್ದರೆ 108. ಆಂಬುಲೆನ್ಸ್ ಬರುವವರೆಗೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು ಐದಾರು ಸೆಕೆಂಡಿಗೊಮ್ಮೆ ಬಾಯಿಗೆ ಉಸಿರು ಊದಿ. ಉಸಿರೂ ನಾಡಿಯೂ ಇಲ್ಲದಿದ್ದರೆ ಎದೆ ಒತ್ತಲು ಶುರು ಮಾಡಿ. ತಾನೇ ಉಸಿರಾಡುತ್ತಿದ್ದರೆ ಎಡಮಗ್ಗುಲಿಗೆ ಹೊರಳಿಸಿ. ಹುಣಸೆ ನೀರು, ಉಪ್ಪಿನ ನೀರು ಬಾಯಿಗೆ ಹಾಕಬೇಡಿ. ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ.

ಆಸ್ಪತ್ರೆಯಲ್ಲಿ ಓಪಿಯಾಯ್ಡ್ ಇಳಿಸುವ ಮದ್ದು ನಾಲೋಕ್ಸೋನ್ ಚುಚ್ಚುತ್ತಾರೆ. ಕಣ್ಣುಮುಚ್ಚಿದ್ದವನು ಕೆಲವೇ ನಿಮಿಷದಲ್ಲಿ ಎದ್ದು ಕೂತು "ನನಗೇನಾಗೇತಿ, ಮನಿಗೆ ನಡೀರಿ" ಎನ್ನಬಹುದು. ನಾಲೋಕ್ಸೋನ್ ಇರುವುದು ಅರ್ಧದಿಂದ ಒಂದೂವರೆ ತಾಸು. ನುಂಗಿದ ಗುಳಿಗೆ ಅದಕ್ಕಿಂತ ಬಹಳ ಹೊತ್ತು ಒಳಗಿರುತ್ತದೆ. ಮದ್ದು ಇಳಿದಾಗ ಮನೆಯ ಚಾಪೆಯ ಮೇಲೆ ಮತ್ತೆ ಉಸಿರು ನಿಂತರೆ ನೋಡುವವರು ಯಾರೂ ಇರುವುದಿಲ್ಲ. ಟ್ರಮಡಾಲ್ ಆಗಿದ್ದರೆ ಫಿಟ್ಸ್‌ನ ಅಪಾಯವೂ ಉಳಿದಿರುತ್ತದೆ. ನುಂಗಿದ ಪಟ್ಟಿಯನ್ನು ನರ್ಸ್ ಕೈಗೆ ಕೊಟ್ಟು, ಅವನು ಎಷ್ಟೇ ಹಟ ಮಾಡಿದರೂ ಡಾಕ್ಟರು ಬಿಡುವವರೆಗೆ ವಾರ್ಡಿನಲ್ಲೇ ಕೂಡಿಸಿಕೊಳ್ಳಿ.